ರಸ್ತೆ ಅಗೆಯೋವಾಗ ನಾವು ನೋಡೋದು ಮಣ್ಣಿನ ಬಣ್ಣನ

ರಸ್ತೆ ಕೆಲಸ ನಡೆಯೋ ಕಡೆ ಆರ್ಕಿಯಾಲಜಿಸ್ಟ್ ನಿಂತಿದ್ರೆ ನಾಣ್ಯನೋ ವಿಗ್ರಹನೋ ಸಿಗ್ಲಿ ಅಂತ ಕಾಯ್ತಿದಾರೆ ಅಂದ್ಕೋತಾರೆ ಜನ. ನಮ್ಮ ಕಣ್ಣಿರೋದು ಮಣ್ಣಿನ ಬಣ್ಣದ ಮೇಲೆ. ಯಾವ್ದೋ ಕಾಲದಲ್ಲಿ ಮನೆಗೆ ಅಂತ ಕಂಬ ನೆಟ್ಟಿರ್ತಾರೆ, ಮರ ಕೊಳೆತು ಆ ಗುಂಡಿಲಿ ಬೇರೆ ಮಣ್ಣು ತುಂಬ್ಕೊಂಡಿರುತ್ತೆ, ಸಾವಿರಾರು ವರ್ಷ ಆದ್ಮೇಲೂ ಮೇಲ್ಮಣ್ಣು ತೆಗೆದ ಕೂಡ್ಲೆ ಅಲ್ಲೊಂದು ಕಪ್ಪನೆ ದುಂಡು ಕಲೆ ಕಾಣುತ್ತೆ. ಒಂದೇ ಇದ್ರೆ ಏನೂ ಹೇಳಕ್ಕಾಗಲ್ಲ, ಹೆಗ್ಗಣದ ಬಿಲನೂ ಹಂಗೇ ಕಾಣುತ್ತೆ, ಆದ್ರೆ ಸಮ ಅಂತರದಲ್ಲಿ ಐದಾರು ಸಾಲಾಗಿದ್ರೆ ಅಲ್ಲಿ ಏನೋ ಕಟ್ಟಿದ್ರು ಅಂತಾನೇ ಲೆಕ್ಕ. ಬಿಸಿಲಿಗೆ ಮಣ್ಣು ಒಣಗಿದ್ರೆ ಕಲೆ ಮಾಸಿಹೋಗುತ್ತೆ, ಅದಕ್ಕೇ ನೀರು ಚಿಮುಕಿಸಿ ಕರಣೆಲಿ ಕೆರೆದು ನೋಡ್ತೀವಿ.

ಇಷ್ಟೆಲ್ಲಾ ಕಾಣ್ಬೇಕಂದ್ರೆ ಅಗೆಯೋ ಮೆಷಿನ್‌ಗೆ ಹಲ್ಲಿಲ್ಲದ ಅಗಲ ಬಕೆಟ್ ಹಾಕ್ಲೇಬೇಕು. ಹಲ್ಲಿರೋದು ನೆಲನ ಗೀರಿ ಕಲಸಿಬಿಡುತ್ತೆ. ಆಪರೇಟರ್ ತೆಳು ತೆಳು ಪದರ ತೆಗೀತಾ ಹಿಂದಿಂದಕ್ಕೆ ಹೋಗ್ಬೇಕು, ಆಗ ತೆಗೆದ ಜಾಗದ ಮೇಲೆ ಗಾಡಿ ಹತ್ತಲ್ಲ. ನನ್ ಪ್ರಕಾರ ಒಳ್ಳೆ ಆಪರೇಟರ್ ಅಂದ್ರೆ ಅರ್ಧ ಆರ್ಕಿಯಾಲಜಿಸ್ಟೇ, ಬಕೆಟ್ ಕೆಳಗೆ ಮಣ್ಣು ಬದಲಾಗಿದ್ದು ಎಷ್ಟೋ ಸಲ ಅವರಿಗೇ ಮೊದಲು ಗೊತ್ತಾಗುತ್ತೆ.

ಏನಾದ್ರೂ ಸಿಕ್ರೆ ಪ್ರಾಜೆಕ್ಟೇ ನಿಂತೋಗುತ್ತೆ ಅನ್ನೋ ಭಯ ಇದೆಯಲ್ಲ, ಅದು ಹೆಚ್ಚಿನ ಸಲ ನಿಜ ಆಗಲ್ಲ. ಅಷ್ಟು ಜಾಗಕ್ಕೆ ಟೇಪ್ ಕಟ್ತೀವಿ, ಮೆಷಿನ್ ಮುಂದಿನ ಸ್ಟ್ರೆಚ್‌ಗೆ ಹೋಗುತ್ತೆ, ನಾವು ಫೋಟೋ, ಅಳತೆ, ಡ್ರಾಯಿಂಗ್, ಮಣ್ಣಿನ ಸ್ಯಾಂಪಲ್ ಮುಗಿಸಿ ಜಾಗ ಬಿಟ್ಕೊಡ್ತೀವಿ. ಮನುಷ್ಯರ ಮೂಳೆ ಕಂಡ್ರೆ ಮಾತ್ರ ಕಥೆ ಬೇರೆ, ಯಾರೂ ಮುಟ್ಟಂಗಿಲ್ಲ, ಅಧಿಕಾರಿಗಳಿಗೆ ತಿಳಿಸಲೇಬೇಕು.

ಸ್ಯಾಂಪಲ್ ಯಾಕೆ ಅಂತೀರಾ? ಇಂಗ್ಲೆಂಡಲ್ಲಿ ಕೇಂಬ್ರಿಜ್-ಹಂಟಿಂಗ್‌ಡನ್ ನಡುವಿನ ಎ14 ರಸ್ತೆ ಕೆಲಸದಲ್ಲಿ ಹಳೇ ಊರುಗಳು, ರೋಮನ್ ಕಾಲದ ಮಡಕೆ ಸುಡೋ ಗೂಡುಗಳು ಎಲ್ಲ ಸಿಕ್ವು, ಜೊತೆಗೆ ಕ್ರಿ.ಪೂ. 400ರ ಹೊತ್ತಿಗೇ ಅಲ್ಲಿ ಬಿಯರ್ ಮಾಡ್ತಿದ್ರು ಅನ್ನೋ ಕುರುಹೂ ಸಿಕ್ತು, ಅದು ಗೊತ್ತಾಗಿದ್ದು ಸುಟ್ಟು ಕರಕಲಾದ ಸಣ್ಣ ಸಣ್ಣ ಚೂರುಗಳನ್ನ ಮೈಕ್ರೋಸ್ಕೋಪಲ್ಲಿ ನೋಡ್ದಾಗ. ಬಕೆಟ್ಟಲ್ಲಿ ಎತ್ತಿ ಟಿಪ್ಪರ್‌ಗೆ ಸುರಿದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ನಿಜವಾಗ್ಲೂ ಲೇಟ್ ಆಗೋದು ನಮ್ಮನ್ನ ಕೊನೇಲಿ ಕರೆದಾಗ. ಯುರೋಪಿನ ದೇಶಗಳು ಹಳೇ ಕಾಲದ ಕುರುಹುಗಳನ್ನ ಕಾಪಾಡೋಕೆ ಅಂತ ಮಾಡ್ಕೊಂಡ 1992ರ ವ್ಯಾಲೆಟಾ ಒಪ್ಪಂದದಲ್ಲಿ ಆರ್ಕಿಯಾಲಜಿ ಕೆಲಸನ ಪ್ಲಾನಿಂಗ್ ಹಂತದಲ್ಲೇ ಸೇರಿಸ್ಬೇಕು ಅಂತ ಒಪ್ಕೊಂಡಿವೆ. ಹಂಗಾಗಿ ರಸ್ತೆ ಮಾಡ್ಸೋರಿಗೆ ನಾನು ಕೇಳ್ಕೊಳ್ಳೋದು ಇಷ್ಟೇ, ಟೆಂಡರ್‌ನಲ್ಲೇ ಹಲ್ಲಿಲ್ಲದ ಬಕೆಟ್ ಅಂತ ಬರೀರಿ, ಕೆಲಸ ನಿಲ್ಸಿ ಅಂತ ಹೇಳೋ ಅಧಿಕಾರ ಸೈಟಲ್ಲಿ ಯಾರಿಗಿದೆ ಅಂತಾನೂ ಬರೀರಿ.