ಗಿಡವೇ ಫಿಲ್ಟರ್: ಸಣ್ಣ ಅಕ್ವೇರಿಯಂ ಕಲಿಯುವವರಿಗೆ ಟಿಪ್ಪಣಿ

ಮೊದಲ ಸಲ ಟ್ಯಾಂಕ್ ಇಟ್ಟ ದಿನವೇ ನಾನು ಎಂಟು ಗಪ್ಪಿ ಮೀನು ಬಿಟ್ಟಿದ್ದೆ. ವಾರ ಕಳೆಯುವಷ್ಟರಲ್ಲಿ ಎರಡೇ ಉಳಿದವು. ನೀರು ಮಾತ್ರ ತಿಳಿಯಾಗಿಯೇ ಇತ್ತು. ಮತ್ತೆ ಸತ್ತಿದ್ದು ಯಾಕೆ? ಈ ಓದು ಶುರುವಾಗಿದ್ದು ಅಲ್ಲಿಂದ.

ಕಾರಣ ಅಮೋನಿಯಾ. ಮೀನು ಅದನ್ನು ಕಿವಿರಿನಿಂದ ಹೊರಹಾಕುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅದೇ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆ ನೈಟ್ರೈಟನ್ನು ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯವಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾನು ಒಂದು ದಿನವೂ ಕೊಟ್ಟಿರಲಿಲ್ಲ.

ಗಿಡ ನೈಟ್ರೇಟ್ ಮಾತ್ರ ಹೀರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಹೆಚ್ಚಿನ ನೀರುಗಿಡಗಳಿಗೆ ಅಮೋನಿಯಂ (ನೀರಿನಲ್ಲಿ ಅಮೋನಿಯಾ ತಾಳುವ ಇನ್ನೊಂದು ರೂಪ) ಸಿಕ್ಕರೆ ಅದೇ ಮೊದಲು ಬೇಕು. ನೈಟ್ರೇಟ್ ಹೀರಿದರೆ ಅದನ್ನು ಒಳಗೆ ಮತ್ತೆ ಅಮೋನಿಯಂ ಮಾಡಿಕೊಳ್ಳಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಅಂದರೆ ಚೆನ್ನಾಗಿ ಬೆಳೆಯುವ ಗಿಡ ಮೊದಲ ದಿನದಿಂದಲೇ ಫಿಲ್ಟರ್ ಕೆಲಸ ಮಾಡುತ್ತದೆ.

ಬೋರ್‌ವೆಲ್ ನೀರು ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಅಮೋನಿಯಂ ಅಷ್ಟೇನೂ ಕೆಡುಕಲ್ಲ, ಅಮೋನಿಯಾ ವಿಷ. ಎರಡೂ ಒಟ್ಟಿಗೇ ಇರುತ್ತವೆ, ಯಾವುದು ಎಷ್ಟು ಅನ್ನುವುದು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಸುಮಾರು ಶೇ. 5. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ, ಅಲ್ವಾ?

ಈಗ ಜೋಡಿಸುವುದು. 45×30×30 ಸೆಂ.ಮೀ. ಟ್ಯಾಂಕ್ ಸಾಕು, ಸುಮಾರು 40 ಲೀಟರ್ ಹಿಡಿಯುತ್ತದೆ. ನೀರೇ 40 ಕಿಲೋ ಆಯಿತು, ಆದ್ದರಿಂದ ಮೇಜು ಗಟ್ಟಿಯಿರಲಿ. ತಳಕ್ಕೆ ಗೊಬ್ಬರ ಬೆರೆಸದ ತೋಟದ ಮಣ್ಣು, ಜರಡಿ ಹಿಡಿದು, 2.5 ಸೆಂ.ಮೀ. ಅದರ ಮೇಲೆ ತೊಳೆದ ಮರಳು, ಅಷ್ಟೇ ದಪ್ಪ. ಮಣ್ಣು ದಪ್ಪವಾದರೆ ಒಳಗೆ ಆಮ್ಲಜನಕ ಸಿಗದೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮರಳಿನ ಮೇಲೆ ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿಯಿರಿ, ಮಣ್ಣು ಕದಡುವುದಿಲ್ಲ. ಗಿಡಕ್ಕೆ ಅನಿಲ ಕೊಡುವ ಸಿಲಿಂಡರ್ ಬೇಡ. ಮಣ್ಣು ಕೊಳೆಯುವಾಗ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಸಿಗುತ್ತದೆ.

ಗಿಡದಲ್ಲಿ ಜಿಪುಣತನ ಬೇಡ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥ ಬೇಗ ಬೆಳೆಯುವವೇ ಮೊದಲು ಬೇಕು. ಅನೂಬಿಯಾಸ್ ಚೆಂದ, ಆದರೆ ತುಂಬಾ ನಿಧಾನ. ನನಗೆ ಅತಿ ಇಷ್ಟವಾದದ್ದು ಅಂತರಗಂಗೆ. ಅದು ತೇಲುವುದರಿಂದ ಇಂಗಾಲವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಬಲು ಬೇಗ ಹಬ್ಬುತ್ತದೆ. ಹೆಚ್ಚಾದದ್ದನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ದಯವಿಟ್ಟು ಕೆರೆಗೆ ಎಸೆಯಬೇಡಿ, ನೀರನ್ನೇ ಮುಚ್ಚಿಬಿಡುತ್ತದೆ.

ದೀಪ ದಿನಕ್ಕೆ 6ರಿಂದ 8 ಗಂಟೆ. ಪಾಚಿ ಹೆಚ್ಚಿದರೆ ಇನ್ನೂ ಕಡಿಮೆ ಮಾಡಿ. ಹೊಸ ಎಲೆ ಬಂದು, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರವಿಡೀ ಸೊನ್ನೆ ತೋರಿಸಿದ ಮೇಲೆ ಮೂರು ಗಪ್ಪಿ ಬಿಡಿ. ಮೂರೇ. ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ, ಆಮೇಲೆ ಇನ್ನೆರಡು.