ನೇಮರ್ ಗಾಯಗಳ ಸರಪಳಿ: ಮೊಣಕಾಲಿಗಿಂತ ಮುಂಚೆ ಏನಾಗಿತ್ತು?

2023ರ ಅಕ್ಟೋಬರ್ 17ರಂದು ಉರುಗ್ವೆಯ ಮಾಂಟೆವಿಡಿಯೊದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಮೊದಲಾರ್ಧ ಮುಗಿಯುತ್ತಾ ಬಂದಾಗ ಬ್ರೆಜಿಲ್‌ನ ನೇಮರ್ ಎಡ ಮೊಣಕಾಲು ತಿರುಚಿಕೊಂಡು ಬಿದ್ದರು. ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಸಾಗಿಸಿದರು. ಎಸಿಎಲ್ (ಮೊಣಕಾಲಿನ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್) ಹರಿದಿತ್ತು, ಮೆನಿಸ್ಕಸ್‌ಗೂ (ಮೊಣಕಾಲಿನೊಳಗೆ ಮೆತ್ತೆಯಂತಿರುವ ಮೃದ್ವಸ್ಥಿ) ಪೆಟ್ಟಾಗಿತ್ತು. ಮತ್ತೆ ಮೈದಾನಕ್ಕೆ ಇಳಿದದ್ದು 2024ರ ಅಕ್ಟೋಬರ್ 21ಕ್ಕೆ. ಅಂದರೆ ಒಂದು ವರ್ಷದ ಮೇಲೆ ನಾಲ್ಕು ದಿನ. ಅದಾಗಿ ಎರಡು ವಾರಕ್ಕೆ, ನವೆಂಬರ್ 4ರಂದು, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದು ಮತ್ತೆ ಹೊರಗೆ.

ಸೌದಿ ಅರೇಬಿಯಾದ ಅಲ್ ಹಿಲಾಲ್ ಕ್ಲಬ್ ಅವರಿಗೆ ಸುಮಾರು 9 ಕೋಟಿ ಯೂರೊ ಸುರಿದಿತ್ತು. ಸಿಕ್ಕಿದ್ದು ಏಳು ಪಂದ್ಯ, ಒಂದು ಗೋಲು. 2025ರ ಜನವರಿಯಲ್ಲಿ ಒಪ್ಪಂದ ಮುರಿದುಬಿತ್ತು.

"ಆ ದೇಹಕ್ಕೆ ಬಾಳಿಕೆ ಇಲ್ಲ ಬಿಡಿ" ಅನ್ನುವ ಮಾತು ಈಗ ಸಾಮಾನ್ಯ. ಆದರೆ ಲೆಕ್ಕ ತೆಗೆದು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ನೇಮರ್ 17ನೇ ವಯಸ್ಸಿಗೇ ಬ್ರೆಜಿಲ್‌ನ ಸ್ಯಾಂಟೋಸ್ ಕ್ಲಬ್ ಪರ ಆಡಲು ಶುರು ಮಾಡಿದವರು. 2009ರಿಂದ 2013ರವರೆಗೆ ಅಲ್ಲಿ 225 ಪಂದ್ಯ ಆಡಿದರು. ಆಮೇಲೆ ಬಾರ್ಸಿಲೋನಾದಲ್ಲಿ ನಾಲ್ಕು ಸೀಸನ್, 186 ಪಂದ್ಯ. 25 ವರ್ಷಕ್ಕೇ ಕ್ಲಬ್ ಪಂದ್ಯಗಳೇ 400 ದಾಟಿದ್ದವು. ಬ್ರೆಜಿಲ್ ತಂಡದ ಪಂದ್ಯಗಳು ಬೇರೆ. ಬಾಳಿಕೆ ಇಲ್ಲದ ಆಟಗಾರ ಇಷ್ಟು ಆಡಲು ಆಗುತ್ತಾ?

2017ರಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ 22.2 ಕೋಟಿ ಯೂರೊ ಕೊಟ್ಟು ಅವರನ್ನು ಕೊಂಡಿತು. ಅಷ್ಟು ಹಣ ಫುಟ್‌ಬಾಲ್‌ನಲ್ಲಿ ಅದುವರೆಗೆ ಯಾರಿಗೂ ಹೋಗಿರಲಿಲ್ಲ. ಅಲ್ಲಿ ಆರು ಸೀಸನ್ ಇದ್ದರು, ಆಡಿದ್ದು 173 ಪಂದ್ಯ. ಬಾರ್ಸಿಲೋನಾದ ನಾಲ್ಕು ಸೀಸನ್‌ಗಿಂತಲೂ ಕಡಿಮೆ. ಹಾಗಾಗಿ ಹುಡುಕಬೇಕಾದ್ದು ಈ ಆರು ವರ್ಷಗಳಲ್ಲಿ.

2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಕೊಲಂಬಿಯಾದ ಜೂನಿಗಾ ಅವರ ಮೊಣಕಾಲು ನೇಮರ್ ಬೆನ್ನಿಗೆ ಬಡಿದು ಬೆನ್ನುಮೂಳೆಯ ಒಂದು ಕಶೇರು ಬಿರುಕು ಬಿಟ್ಟಿತ್ತು, ನಿಜ. ನೇಮರ್ ಇಲ್ಲದ ಬ್ರೆಜಿಲ್ ಮುಂದಿನ ಪಂದ್ಯದಲ್ಲಿ ಜರ್ಮನಿ ಎದುರು 1-7ರಿಂದ ಸೋತಿತು. ಆದರೆ ಆ ಮೂಳೆ ಕೂಡಿಕೊಂಡಿತು, ಕಥೆ ಅಲ್ಲಿಗೇ ಮುಗಿಯಿತು. ಮುಗಿಯದೆ ಉಳಿದದ್ದು ಬಲಪಾದದ ಒಂದು ಸಣ್ಣ ಮೂಳೆಯ ಕಥೆ.

2018ರ ಫೆಬ್ರುವರಿ 25ರಂದು ಮಾರ್ಸೆ ವಿರುದ್ಧದ ಪಂದ್ಯದಲ್ಲಿ ಅವರ ಪಾದದ ಐದನೇ ಮೆಟಟಾರ್ಸಲ್ ಮುರಿಯಿತು. ಕಿರುಬೆರಳಿನ ಕಡೆಗೆ, ಪಾದದ ಹೊರ ಅಂಚಿನಲ್ಲಿರುವ ಮೂಳೆ ಇದು. ಓಡುತ್ತಾ ಓಡುತ್ತಾ ದಿಕ್ಕು ಬದಲಿಸಿದಾಗ ಜಾಸ್ತಿ ಭಾರ ಬೀಳುವುದು ಈ ಅಂಚಿಗೇ. ಈ ಮೂಳೆಯ ಬುಡದ ಹತ್ತಿರ ಒಂದು ಭಾಗಕ್ಕೆ ರಕ್ತದ ಹರಿವು ಕಮ್ಮಿ. ಅಲ್ಲಿ ಮುರಿದರೆ ನಿಧಾನಕ್ಕೆ ಕೂಡುತ್ತದೆ, ಮತ್ತೆ ಮುರಿಯುವ ಭಯವೂ ಇರುತ್ತದೆ. ನೇಮರ್ ಆಟ ಹೇಗೆ ಅಂತ ನೆನಪಿಸಿಕೊಳ್ಳಿ: ನಿಲ್ಲುವುದು, ತಿರುಗುವುದು, ಎದುರಾಳಿಯನ್ನು ಹತ್ತಿರಕ್ಕೆ ಕರೆದು ಜಾರಿಕೊಳ್ಳುವುದು.

ಮಾರ್ಚ್ 3ರಂದು ಬೆಲೊ ಒರಿಜಾಂಟೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಜೂನ್ 3ರಂದು ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಕ್ರೊಯೇಷಿಯಾ ಎದುರು ಇಳಿದು ಗೋಲನ್ನೂ ಹೊಡೆದರು. ಸರಿಯಾಗಿ ಮೂರು ತಿಂಗಳು. ಆ ತಿಂಗಳಲ್ಲೇ ವಿಶ್ವಕಪ್ ಇತ್ತು, ದಿನಾಂಕ ಮುಂದೆ ಹೋಗುವಂಥದ್ದಲ್ಲ. ಸ್ವಿಟ್ಜರ್ಲೆಂಡ್ ವಿರುದ್ಧದ ಮೊದಲ ಪಂದ್ಯದಲ್ಲೇ ಅವರ ಮೇಲೆ ಹತ್ತು ಫೌಲ್ ನಡೆದವು. ಅವರು ಉರುಳಾಡಿದ್ದನ್ನು ಇಟ್ಟುಕೊಂಡು ಜಗತ್ತೆಲ್ಲ ನಕ್ಕಿತು. ನಾಟಕ ಇತ್ತು, ಇಲ್ಲ ಅನ್ನಲಾಗದು. ಆದರೆ ಆ ಹತ್ತು ಫೌಲ್‌ಗಳ ಬಗ್ಗೆ ಮಾತಾಡಿದವರು ಕಡಿಮೆ.

2019ರ ಜನವರಿಯಲ್ಲಿ ಸ್ಟ್ರಾಸ್‌ಬೋರ್ಗ್ ವಿರುದ್ಧ ಅದೇ ಪಾದದ ಅದೇ ಮೂಳೆಗೆ ಮತ್ತೆ ಪೆಟ್ಟು. ಈ ಸಲ ಶಸ್ತ್ರಚಿಕಿತ್ಸೆ ಮಾಡದೆ ವಿಶ್ರಾಂತಿ ಕೊಟ್ಟರು. ಏಪ್ರಿಲ್‌ನಲ್ಲಿ ಮರಳಿದರು. ಜೂನ್‌ನಲ್ಲಿ ಕತಾರ್ ವಿರುದ್ಧದ ಸ್ನೇಹಪಂದ್ಯದಲ್ಲಿ ಬಲಪಾದದ ಕೀಲಿನ ಲಿಗಮೆಂಟ್ ಹರಿಯಿತು. ತವರಿನಲ್ಲೇ ನಡೆದ ಕೋಪಾ ಅಮೆರಿಕವನ್ನು ಬ್ರೆಜಿಲ್ ಅವರಿಲ್ಲದೆ ಗೆದ್ದಿತು. ಅಲ್ಲಿಂದ ಮುಂದೆ ಹ್ಯಾಮ್‌ಸ್ಟ್ರಿಂಗ್, ತೊಡೆಸಂದಿನ ಸ್ನಾಯು, 2021ರ ನವೆಂಬರ್‌ನಲ್ಲಿ ಎಡಪಾದದ ಕೀಲು. 2022ರ ವಿಶ್ವಕಪ್‌ನಲ್ಲಿ ಸರ್ಬಿಯಾ ವಿರುದ್ಧ ಒಂಬತ್ತು ಫೌಲ್, ಬಲಗಾಲು ಊದಿಕೊಂಡಿತು. ಎರಡು ಪಂದ್ಯ ಬಿಟ್ಟು ನಾಕೌಟ್‌ಗೆ ಬಂದೇಬಿಟ್ಟರು. 2023ರ ಫೆಬ್ರುವರಿಯಲ್ಲಿ ಲಿಲ್ ವಿರುದ್ಧ ಪಾದದ ಕೀಲಿಗೆ ಮತ್ತೆ ಏಟು, ಮಾರ್ಚ್‌ನಲ್ಲಿ ದೋಹಾದಲ್ಲಿ ಶಸ್ತ್ರಚಿಕಿತ್ಸೆ. ಎಸಿಎಲ್ ಹರಿದದ್ದು ಅದಾಗಿ ಏಳು ತಿಂಗಳಿಗೆ.

ಇವೆಲ್ಲ ಒಂದರಿಂದ ಒಂದು ಹುಟ್ಟಿದವು ಅಂತ ಸಾಬೀತು ಮಾಡಲಾಗದು. ಆದರೆ ಕ್ರೀಡಾ ವೈದ್ಯರು ಒಪ್ಪುವ ಒಂದು ವಿಷಯ ಇದೆ. ಮುಂದಿನ ಗಾಯದ ದೊಡ್ಡ ಸುಳಿವು ಹಿಂದಿನ ಗಾಯವೇ. ನೋವಿರುವ ಕಾಲಿಗೆ ನಮಗೆ ಗೊತ್ತಿಲ್ಲದೆಯೇ ಭಾರ ಕಮ್ಮಿ ಕೊಡುತ್ತೇವೆ, ಇನ್ನೊಂದು ಕಾಲು ಅದನ್ನು ಹೊರುತ್ತದೆ. ತಿಂಗಳುಗಟ್ಟಲೆ ಓಡದ ತೊಡೆ ಸ್ನಾಯು ಒಮ್ಮೆಲೇ ಪಂದ್ಯದ ವೇಗಕ್ಕೆ ಬಿದ್ದರೆ ಹರಿಯುತ್ತದೆ. ಗಾಯದಿಂದ ಮರಳಿದವರಿಗೆ ಹ್ಯಾಮ್‌ಸ್ಟ್ರಿಂಗ್ ಕಾಡುವುದು ಇದಕ್ಕೇ. ಇದು ಒಬ್ಬರ ಪಾಡೂ ಅಲ್ಲ. ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2001ರಿಂದ ನಡೆಸುತ್ತಿರುವ ಅಧ್ಯಯನದ ಪ್ರಕಾರ, ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ಮೊದಲ ಸೀಸನ್‌ನಲ್ಲಿ ಶೇ 12 ಇದ್ದದ್ದು 2021–22ಕ್ಕೆ ಶೇ 24 ಆಗಿದೆ.

ಎಸಿಎಲ್ ವಿಷಯಕ್ಕೆ ಬಂದರೆ, ನಿಧಾನವೇ ಔಷಧಿ. ಹರಿದ ಲಿಗಮೆಂಟ್ ಜಾಗಕ್ಕೆ ಸಾಮಾನ್ಯವಾಗಿ ರೋಗಿಯದೇ ಸ್ನಾಯುರಜ್ಜು ತೆಗೆದು ಕೂರಿಸುತ್ತಾರೆ. ಅದು ಹೊಸ ಜಾಗದಲ್ಲಿ ಬಲಿಯಲು ತಿಂಗಳುಗಳು ಬೇಕು. 2016ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ತಡ ಮಾಡಿದಷ್ಟೂ ಮತ್ತೆ ಗಾಯವಾಗುವ ಪ್ರಮಾಣ ಅರ್ಧದಷ್ಟು ಇಳಿದದ್ದು ಕಂಡಿತು. ಹಾಗಾಗಿ ನೇಮರ್ ಒಂದು ವರ್ಷ ತೆಗೆದುಕೊಂಡರು ಅಂತ ಬೈದವರ ಮಾತು ನನಗೆ ಒಪ್ಪಿಗೆಯಿಲ್ಲ. ಎಲ್ಲ ಗಾಯಗಳಲ್ಲಿ ಆತುರ ಮಾಡದೆ ಕಾದದ್ದು ಇದೊಂದಕ್ಕೇ ಇರಬೇಕು.

ಆತುರ ಏನು ಮಾಡುತ್ತದೆ ಅನ್ನುವುದನ್ನು ಬ್ರೆಜಿಲ್ ಮೊದಲೇ ನೋಡಿತ್ತು. ಇಟಲಿಯ ಇಂಟರ್ ಮಿಲಾನ್ ಕ್ಲಬ್‌ನಲ್ಲಿದ್ದ ಬ್ರೆಜಿಲ್‌ನ ರೊನಾಲ್ಡೊ ಅವರ ಮೊಣಕಾಲಿಗೆ 1999ರ ನವೆಂಬರ್‌ನಲ್ಲಿ ಗಾಯವಾಯಿತು. ಐದು ತಿಂಗಳಿಗೇ, 2000ದ ಏಪ್ರಿಲ್ 12ರಂದು ಲಾಜಿಯೊ ವಿರುದ್ಧ ಮೈದಾನಕ್ಕೆ ಇಳಿದರು. ಕೆಲವೇ ನಿಮಿಷಗಳಲ್ಲಿ ಮಂಡಿಚಿಪ್ಪಿನ ಸ್ನಾಯುರಜ್ಜು ಪೂರ್ತಿ ಹರಿದುಹೋಯಿತು. ಎರಡನೇ ಸಲ ದೀರ್ಘಕಾಲ ಕಾದರು. 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದು ಬ್ರೆಜಿಲ್‌ಗೆ ಕಪ್ ತಂದುಕೊಟ್ಟರು. ನೇಮರ್ ಅಭಿಮಾನಿಗಳು ಆಸೆಯಿಂದ ಹಿಡಿದುಕೊಂಡಿರುವುದು ಈ ಉದಾಹರಣೆಯನ್ನೇ. ಒಂದು ವ್ಯತ್ಯಾಸ ಮರೆಯಬಾರದು: ಆಗ ರೊನಾಲ್ಡೊಗೆ 25 ವರ್ಷ. ನೇಮರ್ ಸ್ಯಾಂಟೋಸ್‌ಗೆ ಮರಳಿ ಮೊದಲ ಪಂದ್ಯ ಆಡಿದ್ದು 2025ರ ಫೆಬ್ರುವರಿ 5ರಂದು, ತಮ್ಮ 33ನೇ ಹುಟ್ಟುಹಬ್ಬದ ದಿನ.

ಅಲ್ಲೂ ಅದೇ ಪಾಡು. ಮಾರ್ಚ್‌ನಲ್ಲಿ ಬ್ರೆಜಿಲ್ ತಂಡಕ್ಕೆ ಕರೆ ಬಂತು, ತೊಡೆ ನೋವಿನಿಂದ ಹೋಗಲಾಗಲಿಲ್ಲ. ಏಪ್ರಿಲ್‌ನಲ್ಲಿ, ಸ್ಯಾಂಟೋಸ್‌ನ ತವರು ಮೈದಾನದಲ್ಲಿ ತಮ್ಮ ನೂರನೇ ಪಂದ್ಯದಂದು, ಮೊದಲಾರ್ಧದಲ್ಲೇ ಅಳುತ್ತಾ ಹೊರನಡೆದರು. ವರ್ಷದ ಕೊನೆಗೆ ಎಡ ಮೊಣಕಾಲಿನ ಮೆನಿಸ್ಕಸ್ ಮತ್ತೆ ಕೈಕೊಟ್ಟಿತು. ಆದರೆ ಸ್ಯಾಂಟೋಸ್ ಕೆಳದರ್ಜೆಗೆ ಬೀಳುವ ಸ್ಥಿತಿಯಲ್ಲಿತ್ತು. ನೋವಿಟ್ಟುಕೊಂಡೇ ಆಡಿದರು, ಜುವೆಂಟೂಡೆ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಕ್ಲಬ್ ಉಳಿಯಿತು. ಡಿಸೆಂಬರ್‌ನಲ್ಲೇ ಮತ್ತೊಂದು ಶಸ್ತ್ರಚಿಕಿತ್ಸೆ.

2025ರ ಮೇನಲ್ಲಿ ಬ್ರೆಜಿಲ್ ಕೋಚ್ ಆದ ಕಾರ್ಲೊ ಅನ್ಚೆಲೊಟ್ಟಿ ಆ ವರ್ಷ ಒಮ್ಮೆಯೂ ನೇಮರ್ ಅವರನ್ನು ಆಡಿಸಲಿಲ್ಲ. ಅವರ ಪ್ರತಿಭೆ ಬಗ್ಗೆ ಕೋಚ್‌ಗೆ ಅನುಮಾನ ಇರಲಿಲ್ಲ, ಪೂರ್ತಿ ಫಿಟ್ ಇರಬೇಕು ಅನ್ನುವುದೊಂದೇ ಷರತ್ತು. 2026ರ ವಿಶ್ವಕಪ್‌ನ ಮೊದಲ ದಿನ ಜೂನ್ 11. ಶಸ್ತ್ರಚಿಕಿತ್ಸೆಯ ದಿನದಿಂದ ಎಣಿಸಿದರೆ ಆರು ತಿಂಗಳಿಗೂ ಕಮ್ಮಿ. 2018ರಲ್ಲಿ ಇದ್ದದ್ದಕ್ಕಿಂತ ಸಮಯ ಜಾಸ್ತಿಯೇ, ವಯಸ್ಸೂ ಎಂಟು ವರ್ಷ ಜಾಸ್ತಿ.