ಎಷ್ಟು ರಿಕ್ಟರ್ ಅನ್ನೋದಕ್ಕಿಂತ ಕಡಲ ತಳ ಹೇಗೆ ಅಲುಗಿತು ಅನ್ನೋದು ಮುಖ್ಯ

ಸಮುದ್ರದಲ್ಲಿ ಎಲ್ಲಾದ್ರೂ ಭೂಕಂಪ ಆಯ್ತು ಅಂದ್ರೆ, ಸುನಾಮಿ ಬರುತ್ತಾ ಅಂತ ಹೆದರಿ ನಂಗೆ ಬರೋ ಫೋನುಗಳಲ್ಲಿ ಮೊದಲ ಪ್ರಶ್ನೆ ಒಂದೇ, "ಸಾರ್, ಎಷ್ಟು ರಿಕ್ಟರ್?" ಎಂಟೂವರೆ ಅಂದ್ರೆ ಗಾಬರಿ, ಏಳೂವರೆ ಅಂದ್ರೆ "ಓ ಹಾಗಾದ್ರೆ ಪರ್ವಾಗಿಲ್ಲ ಅಲ್ವಾ". ಗಾಬರಿಯಾದ್ರೂ ಸಹಿಸ್ಕೋತೀನಿ, ಈ "ಪರ್ವಾಗಿಲ್ಲ" ಅನ್ನೋದು ಮಾತ್ರ ನಂಗೆ ನಿಜಕ್ಕೂ ಸಿಟ್ಟು ತರಿಸುತ್ತೆ, ಯಾಕಂದ್ರೆ ಹಾಗೆ ಅಂದ್ಕೊಂಡು ದಡದಲ್ಲೇ ಕೂತು ಜನ ಸತ್ತಿದ್ದಾರೆ.

2012ರ ಏಪ್ರಿಲ್ 11 ನೆನಪಿರಬಹುದು. ಸುಮಾತ್ರಾದ ಪಶ್ಚಿಮಕ್ಕೆ ಸಮುದ್ರದಡಿ 8.6 ಭೂಕಂಪ, ಚೆನ್ನೈ ಬೆಂಗಳೂರಲ್ಲೆಲ್ಲ ಆಫೀಸಿಂದ ಜನ ಕೆಳಗಿಳಿದು ಬಂದಿದ್ರು, ಎಲ್ರಿಗೂ 2004ರ ಡಿಸೆಂಬರ್ 26ರ ಸುನಾಮಿ ಕಣ್ಮುಂದೆ. ಕೊನೆಗೆ ಬಂದಿದ್ದು ಸಣ್ಣ ಅಲೆ. ಮಾರನೇ ದಿನ "ವಿಜ್ಞಾನಿಗಳು ಸುಮ್ನೆ ಹೆದರಿಸಿದ್ರು" ಅಂತ ಬೈಗುಳ. ಆದ್ರೆ ಆ ದಿನ ಜಾರಿದ ಫಾಲ್ಟುಗಳು, ಅಂದ್ರೆ ನೆಲದಡಿಯ ಬಂಡೆಯಲ್ಲಿರೋ ಬಿರುಕುಗಳು, ಅಡ್ಡಕ್ಕೆ ಜಾರೋ ಜಾತಿಯವು, ಬಂಡೆಯ ಎರಡು ಪಕ್ಕ ಒಂದನ್ನೊಂದು ಉಜ್ಜಿಕೊಂಡು ಪಕ್ಕಕ್ಕೆ ಸರಿದವು, ಕಡಲ ತಳ ಮೇಲೆ ಕೆಳಗೆ ಆಗಿದ್ದು ತೀರಾ ಕಮ್ಮಿ.

ಇದನ್ನೇ ನಾನು ಹೋದಲ್ಲೆಲ್ಲ ಹೇಳೋದು, ಇನ್ನೊಮ್ಮೆ ಹೇಳ್ತೀನಿ. ನೀರಿನ ತೊಟ್ಟಿಯ ತಳದಲ್ಲಿ ಒಂದು ಹಲಗೆ ಇಟ್ಟು ಅಡ್ಡಕ್ಕೆ ಜಾರಿಸಿ, ಮೇಲಿನ ನೀರಿಗೆ ಗೊತ್ತೇ ಆಗಲ್ಲ. ಅದೇ ಹಲಗೆಯ ಒಂದು ತುದಿ ದಡಕ್ಕನೆ ಎತ್ತಿ, ನೀರು ಹೊರಗೆ ಚೆಲ್ಲುತ್ತೆ. ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗೋ ಕಡೆ, ಸುಮಾತ್ರಾ, ಜಪಾನ್, ಚಿಲಿಯಂಥ ಕಡೆ, ಆಗೋದು ಈ ಎತ್ತೋ ಕೆಲಸ. ನೂರಾರು ವರ್ಷ ಅಂಟಿಕೊಂಡು ಬಾಗಿದ್ದ ಅಂಚು ಒಮ್ಮೆಲೇ ಬಿಡಿಸ್ಕೊಂಡು ಮೇಲೇಳುತ್ತೆ, ಅದರ ಮೇಲಿನ ಮೂರು ನಾಲ್ಕು ಕಿಲೋಮೀಟರ್ ಆಳದ ನೀರನ್ನೂ ಎತ್ತುತ್ತೆ. 2004ರಲ್ಲಿ ಹೀಗೆ ಬಿರಿದ ಉದ್ದ ಸುಮಾರು 1300 ಕಿ.ಮೀ. ಆ ಅಲೆ ಶ್ರೀಲಂಕಾ ಸುತ್ತಿ ಬಳಸಿ ಕೇರಳದ ಪಶ್ಚಿಮ ತೀರದಲ್ಲಿರೋ ಆಲಪ್ಪಾಡಿಗೂ ನುಗ್ಗಿ ಜೀವ ತೆಗೀತು, ಆದ್ದರಿಂದ "ನಾವು ಈ ಕಡೆ ಇದ್ದೀವಿ" ಅನ್ನೋ ಧೈರ್ಯವೂ ಬೇಡ.

ಈಗ ಉಲ್ಟಾ ಉದಾಹರಣೆ. 2010ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಮೆಂತಾವಾಯಿ ದ್ವೀಪಗಳ ಹತ್ರ 7.8. ರಾತ್ರಿ ಹೊತ್ತು, ಅಲುಗಾಟ ಮೆತ್ತಗೆ ತೂಗಿದ ಹಾಗಿತ್ತು, ಓಡಬೇಕು ಅಂತ ಬಹಳ ಜನರಿಗೆ ಅನಿಸ್ಲೇ ಇಲ್ಲ. ಸತ್ತವರು 400ಕ್ಕೂ ಹೆಚ್ಚು. ಅಲ್ಲಿ ಫಾಲ್ಟ್ ಬಿರಿದಿದ್ದು ಸಮುದ್ರ ತಳಕ್ಕೆ ತೀರಾ ಹತ್ರ, ಅದೂ ನಿಧಾನಕ್ಕೆ, ಹಾಗಾಗಿ ನಡುಕ ಕಮ್ಮಿ, ಎತ್ತಿದ ನೀರು ಜಾಸ್ತಿ. 1896ರಲ್ಲಿ ಜಪಾನಿನ ಸನ್ರಿಕು ತೀರದಲ್ಲೂ ಇದೇ ಕಥೆ, ಸಣ್ಣ ನಡುಕ ಅಂತ ಸುಮ್ಮನಿದ್ರು, ಸುಮಾರು 22,000 ಜನ ಹೋದ್ರು. ಅದಕ್ಕೇ ತೀರದಲ್ಲಿದ್ದಾಗ ಎಷ್ಟು ಜೋರಾಗಿ ನಡುಗಿತು ಅಂತ ಮಾತ್ರ ನೋಡ್ಬೇಡಿ, ಎಷ್ಟು ಹೊತ್ತು ನಡುಗಿತು ಅಂತಲೂ ನೋಡಿ. ಅರ್ಧ ಮುಕ್ಕಾಲು ನಿಮಿಷ ದಾಟಿದ್ರೆ ಫೋನ್ ನೋಡದೆ ಎತ್ತರಕ್ಕೆ ನಡೀರಿ.

ಅಡ್ಡಕ್ಕೆ ಜಾರೋ ಫಾಲ್ಟ್ ಅಂದ್ರೆ ನಿಶ್ಚಿಂತೆ ಅಂತಲೂ ನಾನು ಹೇಳಲ್ಲ. 2018ರಲ್ಲಿ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪಾಲು ಕೊಲ್ಲಿಯಲ್ಲಿ ಆಗಿದ್ದು ಅದೇ ಜಾತಿ, 7.5, ಕೆಲವೇ ನಿಮಿಷದಲ್ಲಿ ಅಲೆ ಊರೊಳಗಿತ್ತು. ಕೊಲ್ಲಿಯ ಅಂಚಿನ ಮಣ್ಣು ನೀರೊಳಗೆ ಕುಸಿದಿದ್ದು ದೊಡ್ಡ ಕಾರಣ ಅಂತ ಬಹುತೇಕರ ಅಭಿಪ್ರಾಯ, ಫಾಲ್ಟಿನದ್ದೇ ಪಾಲೆಷ್ಟು ಅನ್ನೋದ್ರಲ್ಲಿ ಇನ್ನೂ ಚರ್ಚೆ ಇದೆ.

ನಮ್ಮ ಕಡಲಿಗೆ ಬರೋಣ. ಕರ್ನಾಟಕದ ತೀರದ ಎದುರಿಗೆ ಆ ಥರ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗೋ ಅಂಚು ಇಲ್ಲ, ಇದು ಸಮಾಧಾನದ ವಿಷಯವೇ. ಆದ್ರೆ ಅರಬ್ಬೀ ಸಮುದ್ರದ ಉತ್ತರ ತುದಿಯಲ್ಲಿ, ಇರಾನ್ ಮತ್ತು ಪಾಕಿಸ್ತಾನದ ತೀರದಲ್ಲಿ, ಮಕ್ರಾನ್ ಅನ್ನೋ ಅಂಥದ್ದೇ ಅಂಚು ಇದೆ. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1 ಆಯ್ತು, ಮುಂಬೈಗೆ ಸುಮಾರು 2 ಮೀಟರ್ ಅಲೆ ಬಂದು ಜನ ಸತ್ರು, ಕಾರವಾರದಲ್ಲೂ ಅಲೆ ಕಂಡ ದಾಖಲೆ ಇದೆ. ನಂಗೆ ತುಂಬಾ ಕಾಡೋದು ಆ ಮಕ್ರಾನ್ ತೀರದ ಪಸ್ನಿ ಊರಿನ ವಿವರ. ಭೂಕಂಪ ಆಗಿ ಒಂದೂವರೆ ಎರಡು ಗಂಟೆ ಕಳೆದ ಮೇಲೆ ಅಲ್ಲಿಗೆ ದೊಡ್ಡ ಅಲೆ ಬಂತು. ನೀರಡಿ ತಡವಾಗಿ ಕುಸಿತ ಆಗಿರಬಹುದು, ಅಥವಾ ಅಲೆಯ ಶಕ್ತಿ ತೀರದುದ್ದಕ್ಕೇ ಸಿಕ್ಕಿಹಾಕ್ಕೊಂಡು ಓಡಾಡಿರಬಹುದು, ಎರಡೂ ವಾದ ಇದೆ. ಯಾವುದೇ ಸರಿ ಆಗ್ಲಿ, "ಒಂದು ಅಲೆ ಬಂತು, ಮುಗೀತು" ಅಂತ ದಡಕ್ಕೆ ವಾಪಸ್ ಹೋಗೋದು ತಪ್ಪು.

ಹೈದರಾಬಾದಿನ ಇನ್‌ಕಾಯ್ಸ್, ಅಂದ್ರೆ ನಮ್ಮ ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ, 2007ರಿಂದ ಇದನ್ನೇ ಲೆಕ್ಕ ಹಾಕಿ ಹೇಳುತ್ತೆ, ಯಾವ ತೀರಕ್ಕೆ ವಾರ್ನಿಂಗ್ (ಅಪಾಯ ಹೆಚ್ಚು, ಜಾಗ ಬಿಡಿ), ಯಾವುದಕ್ಕೆ ಅಲರ್ಟ್ (ದಡದಿಂದ ದೂರ ಇರಿ), ಯಾವುದಕ್ಕೆ ಬರೀ ವಾಚ್ (ಸುದ್ದಿ ಗಮನಿಸ್ತಾ ಇರಿ) ಅಂತ. ಫಾರ್ವರ್ಡ್ ಮೆಸೇಜಿನ ರಿಕ್ಟರ್ ನಂಬರ್ ಬಿಟ್ಟು ನಿಮ್ಮ ಜಿಲ್ಲೆಯ ಹೆಸರು ಅದರಲ್ಲಿ ಎಲ್ಲಿದೆ ನೋಡಿ.

ಮೀನುಗಾರರ ಹತ್ರ ಮಾತಾಡೋದು ನಂಗೆ ಬಹಳ ಇಷ್ಟ, ಕಾಲೇಜುಗಳಲ್ಲಿ ಬರದ ಪ್ರಶ್ನೆ ಬೋಟು ನಿಲ್ಲೋ ದಕ್ಕೆಯಲ್ಲಿ ಬರುತ್ತೆ. ಒಬ್ರು ವಯಸ್ಸಾದ ತಾಂಡೇಲರು (ಬೋಟ್ ನಡೆಸೋ ಮುಖ್ಯಸ್ಥರು) ಕೇಳಿದ್ರು, "ಅದೆಲ್ಲ ಸರಿ ಮಾರಾಯ್ರೆ, ನಾವು ಹೊರಗೆ ಬೋಟಲ್ಲೇ ಇದ್ರೆ ಎಂತ ಮಾಡೂದು?" ಆಳದ ನೀರಲ್ಲಿ ಸುನಾಮಿ ಬೋಟಿನ ಅಡಿ ದಾಟಿ ಹೋಗಿದ್ದು ನಿಮಗೆ ತಿಳಿಯೋದೂ ಇಲ್ಲ, ಅಪಾಯ ಎಲ್ಲ ಅಳಿವೆ (ನದಿ ಸಮುದ್ರ ಸೇರೋ ಜಾಗ) ಮತ್ತು ಬಂದರಿನ ಒಳಗೆ. ಆದ್ದರಿಂದ ಹೊರಗಿದ್ರೆ ಹೊರಗೇ ಇರಿ, ಸಾಧ್ಯ ಆದಷ್ಟು ಇನ್ನೂ ಆಳಕ್ಕೆ ಹೋಗಿ, ದಡದಲ್ಲಿದ್ರೆ ಬೋಟ್ ಉಳಿಸೋಕೆ ಅಂತ ಬಂದರಿಗೆ ಓಡ್ಬೇಡಿ. ಎಲ್ಲಾ ಸರಿ ಆಯ್ತು ಅಂತ ಬಂದರಿನವರು ವಯರ್‌ಲೆಸ್ಸಲ್ಲಿ ಹೇಳೋ ತನಕ ಅಳಿವೆ ಬಾಗಿಲಿಗೆ ಬರ್ಬೇಡಿ, ಬಂದರೊಳಗಿನ ಸೆಳೆತ ಗಂಟೆಗಟ್ಟಲೆ ಇರುತ್ತೆ, ಅಷ್ಟಕ್ಕೆ ಸಾಕಾಗೋ ಡೀಸೆಲ್ಲು ಕುಡಿಯೋ ನೀರು ಬೋಟಲ್ಲಿ ಯಾವತ್ತೂ ಇಟ್ಕೊಂಡಿರಿ.